ಬಿರುಕಿನ ಅಳತೆ

ಆಗಸ್ಟ್ 17, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮನ ನಮಸ್ಕಾರ. ನಿನ್ನ ಕಾಗದ ಬಂದು ಎರಡು ತಿಂಗಳ ಮೇಲಾಯಿತು. ಉತ್ತರ ಬರೆಯದೆ ಕೂತಿದ್ದಕ್ಕೆ ನೀನು ಎಷ್ಟು ಬೈದರೂ ಕಡಿಮೆಯೇ. ಕೆಲಸವಿತ್ತು, ಜ್ವರವಿತ್ತು ಎಂದು ಕತೆ ಕಟ್ಟುವುದಿಲ್ಲ. ನಾಲ್ಕು ಸಲ ಬರೆದೆ, ನಾಲ್ಕು ಸಲವೂ ಹರಿದು ಹಾಕಿದೆ. ಮೊನ್ನೆ ಫೋನಿನಲ್ಲಿ ನಿನ್ನ ಮಗಳಿಗೆ "ಅಮ್ಮಂಗೆ ಬರೀತಿದೀನಿ ಅಂತ ಹೇಳು" ಅಂದುಬಿಟ್ಟೆ. ಇನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ.

ನೀನು ಹೇಗಿದ್ದೀಯ? ಭಾವನ ಆಮ್ಲಜನಕದ ಮಷೀನನ್ನು ಇನ್ನೂ ಮಂಚದ ಪಕ್ಕದಲ್ಲೇ ಇಟ್ಟುಕೊಂಡು ದಿನವೂ ಒರೆಸುತ್ತೀಯಂತೆ. "ಯಾರಿಗಾದ್ರೂ ಕೊಡಮ್ಮ ಅಂದ್ರೆ ಕಣ್ಣು ಕೆಂಪು ಮಾಡ್ತಾಳೆ ಮಾವ" ಎಂದು ಅವಳ ದೂರು. ಅವಳ ಮಾತಿಗೆ ತಲೆ ಕೆಡಿಸಿಕೊಳ್ಳಬೇಡ. ಕೊಡಬೇಕು ಅನ್ನಿಸಿದ ದಿನ ಕೊಡುವೆಯಂತೆ.

ಇಲ್ಲಿ ಬಿಸಿಲು ಇನ್ನೂ ಇಳಿದಿಲ್ಲ. ಬೆಳಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಅಂಗಳದ ಕೆಲಸ ನಿಲ್ಲಿಸಿದ್ದಾರೆ. ಕಬ್ಬಿಣ ಮುಟ್ಟಿದರೆ ಕೈ ಸುಡುತ್ತದೆ. ನಮ್ಮ ಅಣುಸ್ಥಾವರದ ಮೊದಲನೆಯ ಘಟಕ ಕೊನೆಗೂ ಹೋದ ತಿಂಗಳು ಶುರುವಾಯಿತು, ಸರಿಯಾಗಿ ಒಂದು ವರ್ಷ ತಡವಾಗಿ. ಎರಡನೆಯ ಘಟಕಕ್ಕೆ ಹಣ ಹೂಡಬೇಕಾದವರು ಹಿಂದೆ ಸರಿದಿದ್ದಾರೆ. "ಒಂದನ್ನೇ ಇಷ್ಟು ಎಳೆದಾಡಿದೋರನ್ನ ನಂಬೋದು ಹೇಗೆ?" ಎಂದು ಸಭೆಯಲ್ಲಿ ನೇರವಾಗಿಯೇ ಕೇಳಿದರಂತೆ. ಭಾವ ಮೂವತ್ತು ವರ್ಷ ದುಡಿದ ಆ ಕಲ್ಲಿದ್ದಲಿನ ಬಾಯ್ಲರ್‌ಗಳನ್ನೇ ದುರಸ್ತಿ ಮಾಡಿ ಮತ್ತೆ ಉರಿಸುವ ಮಾತು ನಡೆದಿದೆ. ಕೇಳಿ ನನಗೆ ಊಟ ಸೇರಲಿಲ್ಲ.

ನಿನ್ನ ಅಡುಗೆಮನೆಯ ಮೇಜಿನ ಮುಂದೆ ಹೋದ ವರ್ಷ ಜನವರಿಯಲ್ಲಿ ನಾವು ಮೂವರೂ ಕೂತು ವಾದಿಸಿದ ಆ ಸಂಜೆ ನೆನಪಿದೆಯಾ? ಬಾಯ್ಲರ್ ದುರಸ್ತಿಗೆ ಎತ್ತಿಟ್ಟ ಹಣವನ್ನೆಲ್ಲ ಅಣುಸ್ಥಾವರಕ್ಕೆ ಹಾಕಿ, ಹಳೆಯದನ್ನು ಡಿಸೆಂಬರ್‌ಗೆ ಮುಚ್ಚಿಬಿಡಬೇಕೋ ಬೇಡವೋ ಎಂದು ಮಾರನೆಯ ದಿನ ಕಾರ್ಮಿಕರ ಸಂಘ ಕೈಯೆತ್ತಬೇಕಿತ್ತು. ಭಾವ ಮೂಗಿಗೆ ಕೊಳವೆ ಹಾಕಿಕೊಂಡೇ ನನ್ನನ್ನು ಕೆಣಕುತ್ತಿದ್ದರು.

"ಅಲ್ಲೋ ಗೂಬೆ, ಬಿಸಿಲಿಂದ, ಗಾಳಿಯಿಂದ ಕರೆಂಟು ತೆಗೀತಾರಲ್ಲ, ಅದು ಸಾಲಲ್ವಾ? ನಿಮ್ಮದಕ್ಕೆ ರಾಶಿ ದುಡ್ಡು, ಹತ್ತು ವರ್ಷ."

"ಅದೂ ಬೇಕು ಭಾವ. ಆದ್ರೆ ಗಾಳಿ ಬಿದ್ದುಹೋದ ದಿನ, ಹೊತ್ತು ಮುಳುಗಿದ ಮೇಲೆ, ನಿಮ್ಮ ಈ ಮಷೀನು ನಿಲ್ಲಬಾರದಲ್ಲ."

ಅವರ ಮಷೀನನ್ನೇ ತೋರಿಸಿ ಗೆದ್ದೆ ನಾನು. ಭಾವ ನಕ್ಕರು, ಕೆಮ್ಮಿದರು, ನೀನು ಬೆನ್ನು ಸವರಿದೆ. ಹಿಂದಿನ ಬೇಸಿಗೆಯಲ್ಲಿ ಅವರ ಜೊತೆಯವರಿಬ್ಬರು ಕಲ್ಲಿದ್ದಲಿನ ಅಂಗಳದಲ್ಲೇ ಬಿಸಿಲಿಗೆ ಕುಸಿದು ಸತ್ತಿದ್ದರು. "ನಮ್ಮ ಹೊಗೆ ನಮ್ಮ ತಲೇನೇ ಸುಡ್ತಾ ಇದೆ ಕಣೋ. ಮುಚ್ಚಲಿ ಅತ್ಲಾಗೆ" ಅಂದರು. ಮಾರನೆಯ ದಿನ ಸಂಘದಲ್ಲಿ ಮೊದಲು ಕೈಯೆತ್ತಿದವರು ಅವರೇ.

ನನ್ನ ಮಾತು ತಪ್ಪಾಗಿತ್ತು ಎಂದು ಈಗಲೂ ಅನ್ನಿಸುವುದಿಲ್ಲ ಅಕ್ಕ. ಈ ಬಿಸಿಲಿಗೆ ಬೇರೆ ದಾರಿ ನನಗಂತೂ ಕಾಣುವುದಿಲ್ಲ. ಘಟಕ ಹೇಳಿದ ಹೊತ್ತಿಗೆ ಶುರುವಾಗಿದ್ದರೆ ಈ ಮೇ ತಿಂಗಳಲ್ಲಿ ನಿಮ್ಮ ಬೀದಿಯಲ್ಲಿ ಕರೆಂಟು ಹೋಗುತ್ತಿರಲಿಲ್ಲ. ಆಗಲಿಲ್ಲ. ದುರಸ್ತಿಗೆ ಹಣವೂ ಇಲ್ಲದೆ ಹಳೆಯದು ಡಿಸೆಂಬರ್‌ನಲ್ಲಿ ಮುಚ್ಚಿತು, ಹೊಸದು ಏಳಲಿಲ್ಲ. ಮಷೀನಿನ ಬ್ಯಾಟರಿ ಎರಡು ಗಂಟೆ ನಡೆಯಿತು, ಕರೆಂಟು ಐದು ಗಂಟೆ ಬರಲಿಲ್ಲ. ಲಿಫ್ಟ್ ನಿಂತಿತ್ತು. ಪಕ್ಕದ ಮನೆಯವರು ಭಾವನನ್ನು ಕುರ್ಚಿಯಲ್ಲಿ ಕೂರಿಸಿ ಮೂರನೆಯ ಮಹಡಿಯಿಂದ ಹೊತ್ತುಕೊಂಡು ಇಳಿದದ್ದು, ಸರಿಯಾಗಿ ಮೂರು ಗಂಟೆಗೆ ಎರಡನೆಯ ಮಹಡಿಯ ತಿರುವಿನಲ್ಲಿ ಭಾವ ನಿನ್ನ ಕೈ ಬಿಟ್ಟು ಹೋದದ್ದು, ಎಲ್ಲ ಬರೆದಿದ್ದೀಯ. ಮಧ್ಯಾಹ್ನ ಮೂರು ಗಂಟೆಯಾದರೆ ಸಾಕು, ನಾನು ಎಲ್ಲಿದ್ದರೂ ಗಡಿಯಾರ ನೋಡುತ್ತೇನೆ.

ಆ ಒಂದು ವರ್ಷದ ತಡಕ್ಕೆ ಕಾರಣ ನಾನು ಎನ್ನುವುದು ಊರಿಗೆಲ್ಲ ಗೊತ್ತು. ಹೋದ ವರ್ಷ ಮಾರ್ಚ್‌ನಲ್ಲಿ ಒಂದು ದಿನ ಬೆಳಗ್ಗೆಯೇ, ಬೆಸುಗೆ ಪರೀಕ್ಷಿಸುವವನು ನಾನಲ್ಲವೇ, ಮುಖ್ಯ ಎಂಜಿನಿಯರ್ ನನಗೆ ಫೋನು ಮಾಡಿದರು. "ನಾಡಿದ್ದು ಹಣ ಹೂಡೋರು ನೋಡೋಕೆ ಬರ್ತಿದಾರೆ. ಸಂಜೆಯೊಳಗೆ ಎಲ್ಲಾ ಬೆಸುಗೆನೂ ಪಾಸಾಗಿರ್ಲಿ." ನನ್ನ ಸಿಟ್ಟು ನಿನಗೆ ಗೊತ್ತಲ್ಲ, ಮೂಗಿನ ತುದಿಯಲ್ಲೇ ಇರುತ್ತದೆ. "ಪಾಸು ಮಾಡೋದು ನಿಮ್ಮ ಫೋನಲ್ಲ ಸಾರ್, ಫಿಲ್ಮ್" ಎಂದು ಹೇಳಿ ಇಟ್ಟುಬಿಟ್ಟೆ. ದೊಡ್ಡ ಪೈಪಿನ ಬೆಸುಗೆಯ ಎಕ್ಸ್‌ರೇ ಫಿಲ್ಮನ್ನು ಲೈಟಿಗೆ ಹಿಡಿದರೆ ನಡುವೆ ಕೂದಲೆಳೆಯಂಥ ಕಪ್ಪು ಗೆರೆ. ಬಿರುಕು ಎಂದು ಬರೆದು ಕೆಂಪು ಮುದ್ರೆ ಒತ್ತಿದೆ.

ಬೆಸುಗೆ ಹಾಕಿದವನು ಎಲ್ಲರೂ ತಾತ ಎಂದು ಕರೆಯುವ ಹಳೆಯ ವೆಲ್ಡರ್. ಬಾಗಿಲಲ್ಲೇ ನಿಂತು, "ಸಾರ್, ನನ್ನ ಕೈ ನಂಗೆ ಗೊತ್ತು. ಇನ್ನೊಂದ್ಸಲ ನೋಡಿ" ಅಂದ. ಇವನನ್ನೂ ಮೇಲಿನವರೇ ಕಳಿಸಿದ್ದಾರೆ ಅಂದುಕೊಂಡೆ. "ನನ್ನ ಕಣ್ಣೂ ನಂಗೆ ಗೊತ್ತು" ಎಂದು ಹೇಳಿ ಕಳಿಸಿದೆ. ಒಂದು ಕೆಟ್ಟಿದ್ದರೆ ಉಳಿದವನ್ನೂ ನಂಬುವಂತಿಲ್ಲ ಎಂದು, ಅವನು ಹಾಕಿದ ನೂರಾ ಹನ್ನೆರಡು ಬೆಸುಗೆಗಳನ್ನೂ ಕತ್ತರಿಸಿ ಹೊಸದಾಗಿ ಹಾಕಿಸಬೇಕೆಂದು ಆದೇಶವಾಯಿತು. ಅದಕ್ಕೇ ಒಂದು ವರ್ಷ ಹಿಡಿಯಿತು. ತಾತನನ್ನು ಮನೆಗೆ ಕಳಿಸಿದರು. ಈಗ ರಸ್ತೆ ಬದಿಯಲ್ಲಿ ಗೇಟು, ಕಿಟಕಿ ಸರಳು ಬೆಸೆಯುತ್ತಾನೆ.

ನನಗೆ ಮಾತ್ರ ಮೆಚ್ಚುಗೆಯ ಫಲಕ ಕೊಟ್ಟರು. ಫೋನಿನಲ್ಲಿ ಅವಸರಪಡಿಸಿದ್ದ ಅದೇ ಮುಖ್ಯ ಎಂಜಿನಿಯರ್ ಹೆಗಲ ಮೇಲೆ ಕೈಯಿಟ್ಟು, "ನಿಮ್ಮಿಂದ ಜನಕ್ಕೆ ನಮ್ಮ ಮೇಲೆ ನಂಬಿಕೆ ಬಂತು" ಅಂದರು. ಪತ್ರಿಕೆಯಲ್ಲಿ 'ಒತ್ತಡಕ್ಕೆ ಮಣಿಯದ ಕಣ್ಣು' ಎಂದು ನನ್ನ ಫೋಟೋ ಬಂತು. ನೀನು ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿದೆ. ಈಗ ಭಾವನ ಫೋಟೋ ಅದರ ಪಕ್ಕಕ್ಕೇ ಬಂದಿದೆ.

ಇನ್ನು ನೀನು ಕೇಳಿದ ಮಾತು. ನಿನ್ನ ಕಾಗದದ ಆ ಸಾಲು ನನಗೆ ಬಾಯಿಪಾಠವಾಗಿದೆ: "ಆ ಬಿರುಕು ಎಷ್ಟಿತ್ತೋ? ಬೆರಳಲ್ಲಿ ತೋರಿಸೋ ಹಾಗೆ ಹೇಳು. ಅದು ನಿಜವಾಗಿ ಇತ್ತು, ಬಿಟ್ಟಿದ್ರೆ ಸಾವಿರ ಜನ ಹೋಗ್ತಿದ್ರು ಅಂತ ನಿನ್ನ ಬಾಯಲ್ಲಿ ಕೇಳಿದ್ರೆ ಸಾಕು. ನಿಮ್ಮ ಭಾವ ಹೋಗಿದ್ದನ್ನ ಹೇಗೋ ನುಂಗಿಕೊಳ್ತೀನಿ." ಅದಕ್ಕೆ ಉತ್ತರವನ್ನು ಕಾಗದದ ಕೊನೆಗೆ ಬರೆಯೋಣ ಅಂದುಕೊಂಡಿದ್ದೆ. ಕೊನೆಯೂ ಬಂತು.

ಒಮ್ಮೆ ನೀನು, ಭಾವ ನಾನು ಫಿಲ್ಮ್ ತೊಳೆಯುವ ಕತ್ತಲೆ ಕೋಣೆ ನೋಡಲು ಬಂದಿದ್ದಿರಲ್ಲ, ಭಾವ ನನಗೆ ಗೂಬೆ ಎಂದು ಹೆಸರಿಟ್ಟದ್ದು ಅವತ್ತೇ. ನೀನು ಎರಡು ಫಿಲ್ಮ್ ಕೈಯಲ್ಲಿ ಹಿಡಿದು, "ಒಂದೇ ಜಾಗಕ್ಕೆ ಎರಡೆರಡು ಯಾಕೋ, ಸರ್ಕಾರದ ದುಡ್ಡು ಅಂತಾನಾ?" ಎಂದು ಕೇಳಿದ್ದೆ. ನಾವೆಲ್ಲ ನಕ್ಕೆವು. ಉತ್ತರ ಹೇಳಿದೆನೋ ಇಲ್ಲವೋ ನೆನಪಿಲ್ಲ.

ಹೊತ್ತು ಹೊತ್ತಿಗೆ ಊಟ ಮಾಡು. ಮಧ್ಯಾಹ್ನ ಹೊರಗೆ ಹೋಗಬೇಡ. ನಿನ್ನ ಮಗಳಿಗೆ ನನ್ನ ಆಶೀರ್ವಾದ, ಅವಳ ಬದುಕು ತಣ್ಣಗಿರಲಿ. ನನ್ನ ಮೇಲಿನ ನಿನ್ನ ಆಶೀರ್ವಾದ ಉಳಿಯುತ್ತದೋ ಇಲ್ಲವೋ ಕಾಣೆ.

ಇಂತು ನಿನ್ನ ತಮ್ಮ,
ಗೂಬೆ

ವಿ.ಸೂ.: ಲಕೋಟೆಗೆ ಹಾಕಿದ್ದ ಕಾಗದವನ್ನು ಮತ್ತೆ ಹೊರಗೆ ತೆಗೆದೆ. ಹೀಗೆ ಕಳಿಸಿದರೆ ಇದೂ ಆ ನಾಲ್ಕರಂತೆ ಸುಳ್ಳು ಕಾಗದವೇ.

ನಿನ್ನ ಪ್ರಶ್ನೆಗೆ ಸರಿಯಾದ ಅಳತೆ ಕೊಡಬೇಕೆಂದು ಜೂನ್‌ನಲ್ಲಿ ದಾಖಲೆ ಕೋಣೆಗೆ ಹೋಗಿ ಆ ಬೆಸುಗೆಯ ಫಿಲ್ಮ್ ಇಟ್ಟಿದ್ದ ಲಕೋಟೆ ತೆಗೆಸಿದೆ. ಒಂದು ಬೆಸುಗೆಗೆ ಎರಡು ಫಿಲ್ಮ್‌ಗಳನ್ನು ಒಂದರ ಮೇಲೊಂದು ಇಟ್ಟು ಒಟ್ಟಿಗೇ ಎಕ್ಸ್‌ರೇ ತೆಗೆಯುತ್ತೇವೆ. ಬಿರುಕು ಪೈಪಿನಲ್ಲಿದ್ದರೆ ಎರಡರಲ್ಲೂ ಕಾಣಬೇಕು. ಒಂದರಲ್ಲಿ ಮಾತ್ರ ಕಂಡರೆ ಅದು ಫಿಲ್ಮಿನದೇ ಕಲೆ. ಎರಡನ್ನೂ ನೋಡಿಯೇ ಬರೆಯಬೇಕು ಎನ್ನುವುದು ಈ ಕೆಲಸದ ಮೊದಲ ಪಾಠ, ಎಷ್ಟೋ ಹುಡುಗರಿಗೆ ನಾನೇ ಹೇಳಿಕೊಟ್ಟದ್ದು. ಅವತ್ತು ಸಿಟ್ಟಿನಲ್ಲಿ ಎರಡನೆಯದನ್ನು ಲಕೋಟೆಯಿಂದ ಹೊರಗೇ ತೆಗೆದಿರಲಿಲ್ಲ. ನೋಡಿದ್ದೇನೆ ಎಂದು ಸಹಿ ಮಾತ್ರ ಹಾಕಿದ್ದೆ.

ಜೂನ್‌ನಲ್ಲಿ ಮೊದಲ ಸಲ ಲೈಟಿಗೆ ಹಿಡಿದೆ. ಅದರಲ್ಲಿ ಏನೂ ಇಲ್ಲ ಅಕ್ಕ. ಎಕ್ಸ್‌ರೇ ಆದ ಮೇಲೆ ತೊಳೆಯಲೆಂದು ಕತ್ತಲೆಯಲ್ಲಿ ಫಿಲ್ಮನ್ನು ಕವಚದಿಂದ ತೆಗೆಯುವಾಗ ಉಗುರು ಒತ್ತಿದರೆ ಅಂಥದೇ ಕಪ್ಪು ಗೆರೆ ಬೀಳುತ್ತದೆ. ಆ ದಿನ ಅದನ್ನು ಕವಚದಿಂದ ತೆಗೆದು ತೊಳೆದವನು ನಾನೇ.

ತಾತನ ಬೆಸುಗೆ ಸರಿಯಾಗಿತ್ತು. ನಾಳೆ ಬೆಳಗ್ಗೆ ಎರಡು ಫಿಲ್ಮನ್ನೂ ಮುಖ್ಯ ಎಂಜಿನಿಯರ್ ಮೇಜಿನ ಮೇಲೆ ಇಡುತ್ತೇನೆ, ಆಮೇಲೆ ತಾತನ ಹತ್ತಿರ ಹೋಗುತ್ತೇನೆ. ಎರಡನೆಯ ಘಟಕದ ಕತೆಯೂ ಇದರೊಂದಿಗೆ ಮುಗಿಯಬಹುದು. ಆದರೂ ಎಲ್ಲರಿಗಿಂತ ಮೊದಲು ನಿನಗೇ ಬರೆದು ಹೇಳುತ್ತಿದ್ದೇನೆ.

ಬೆರಳಲ್ಲಿ ತೋರಿಸು ಎಂದಿದ್ದೆ. ತೋರಿಸಲು ಬಿರುಕೇ ಇರಲಿಲ್ಲ. ಭಾವನ ಪಕ್ಕದಿಂದ ನನ್ನ ಆ ಫೋಟೋ ತೆಗೆದುಬಿಡು.