ತೆಂಗಿನಕಾಯಿಗೆ ಸೋತ ತೊಟ್ಟಿ

ಪ್ರಿಯ ವಾಘಜಿಭಾಯ್,

ಊರಿನ ಮೇಲೆ ಮುನಿಸಿಕೊಂಡು ನೀನು ಪಾಲನಪುರದ ಮಗಳ ಮನೆ ಸೇರಿ ಎರಡು ತಿಂಗಳಾಯಿತು. ಮಗಳ ಮನೆಯಲ್ಲಿ ನೀರೂ ಕುಡಿಯಬಾರದೆಂಬ ಹಿರಿಯರ ಕಟ್ಟಳೆ ಮೀರದೆ, ದಿನಕ್ಕೆ ನಾಲ್ಕು ಸಲ ಎದುರಿನ ಹೋಟೆಲಿಗೆ ನಡೆಯುತ್ತೀಯಂತೆ. ಮೊಣಕಾಲಿಗೆ ಒಳ್ಳೆಯದೇ. ಆದರೆ ಬರುವ ಭಾನುವಾರ ನೀನು ಇಲ್ಲಿರಬೇಕು.

ನಮ್ಮ ಹಾಲಿನ ಮಂಡಳಿಯ ಗೋಬರ್ ಗ್ಯಾಸ್ ನೀನು ಹೋದ ದಿನದಿಂದ ನಿಂತಿದೆ. ಅರವತ್ತೆರಡು ಅಡುಗೆಮನೆಗಳಲ್ಲಿ ಮತ್ತೆ ಬೆರಣಿಯ ಹೊಗೆ. ಹೊಸ ತೊಟ್ಟಿ ಎಂಥದ್ದು ಬೇಕೆಂದು ಕೇಳಿದರೆ ಸಮಿತಿಯಲ್ಲಿ ಐದು ಕೈ ಅತ್ತ, ಐದು ಕೈ ಇತ್ತ. ಭಾನುವಾರವೂ ತೀರ್ಮಾನವಾಗದಿದ್ದರೆ ಗ್ಯಾಸನ್ನು ಮುಚ್ಚಿಬಿಡುತ್ತಾರೆ. ಅಧ್ಯಕ್ಷ ನೀನು. ಹನ್ನೊಂದನೆಯ ಕೈ ನಿನ್ನದು.

ಸಗಣಿ, ಕೊಳೆತ ಆಲೂಗಡ್ಡೆ, ಪನೀರು ತೆಗೆದ ಹುಳಿನೀರು, ಇಷ್ಟನ್ನೂ ಗ್ಯಾಸಿನ ಗುಮ್ಮಟಕ್ಕೆ ಬಿಡುವ ಮೊದಲು ಎರಡು ದಿನ ಕಲಸಿ ನೆನೆಸಿಡುವ ಆ ತೊಟ್ಟಿಯ ಚರಿತ್ರೆಯನ್ನು ನಾನು ಮರೆತಿಲ್ಲ. ಮೊದಲನೆಯದು ಸಿಮೆಂಟಿನದು, ಕಟ್ಟಿದವನು ನಿನ್ನ ಭಾವಮೈದ. ಮೂರೇ ವರ್ಷಕ್ಕೆ ಗೋಡೆ ಒಣ ಖಾಖರಾ ರೊಟ್ಟಿಯಂತೆ ಪುಡಿಯಾಗಿ ಉದುರಿತು. ಎರಡನೆಯದು ಕಬ್ಬಿಣದ ತಗಡಿನದು. ಹೊರಗೆ ಹಸಿರು ಬಣ್ಣ, ಅದರ ಮೇಲೆ ಕೆಂಪಕ್ಷರದಲ್ಲಿ ನಿನ್ನ ಹೆಸರು. ಒಳಗೆ ಏನಾಗುತ್ತಿದೆಯೆಂದು ಯಾರೂ ಇಣುಕಲಿಲ್ಲ.

ದೀಪಾವಳಿ ಕಳೆದು ಲೆಕ್ಕ ತೆರೆಯುವ ಲಾಭ ಪಂಚಮಿಯ ಬೆಳಿಗ್ಗೆ, ಪೂಜೆಗೆಂದು ಬಿಳಿ ಪೇಟ ಸುತ್ತಿ ಬಂದ ನೀನು “ಜೈ ಅಂಬೆ” ಎಂದು ತೊಟ್ಟಿಯ ಹೊಟ್ಟೆಗೆ ಕಾಯಿ ಹೊಡೆದೆ. ಕಾಯಿ ಒಡೆಯಲಿಲ್ಲ, ತೊಟ್ಟಿ ಒಡೆಯಿತು. ಕಾಯಿ ಒಳಗೆ ಹೋಯಿತು, ಒಳಗಿದ್ದದ್ದು ನಿನ್ನ ತಲೆಯ ಪೇಟದಿಂದ ಕಾಲಿನ ಮೋಜಡಿಯವರೆಗೆ ಬಂತು. ಆಗ ನಾನು ಎಲ್ಲರೆದುರು ಕೂಗಿದೆ: “ತೊಟ್ಟಿ ಆರಿಸಿದವನಿಗೇ ಸರಿಯಾಗಿ ಅಭಿಷೇಕ ಆಯ್ತು ನೋಡ್ರಪ್ಪಾ!” ಊರೆಲ್ಲ ನಕ್ಕಿತು. ನೀನು ಮಧ್ಯಾಹ್ನದ ಬಸ್ಸು ಹತ್ತಿದೆ.

ಆ ಸಂಜೆ ಸಗಣಿ ಬುಟ್ಟಿ ಇಳಿಸಿದ ಜೋಮಾಬೆನ್ ನನ್ನನ್ನು ನಿಲ್ಲಿಸಿದಳು. “ಮಾಸ್ತರ್, ಕಲಾಯಿ ಹೋದ ಹಿತ್ತಾಳೆ ಪಾತ್ರೇಲಿ ಒಂದು ಲೋಟ ಹುಳಿ ಮಜ್ಜಿಗೆ ಇಟ್ಟಿದ್ದಕ್ಕೆ ನಮ್ಮತ್ತೆ ಸೌಟಲ್ಲಿ ಬಾರಿಸಿದ್ರು. ನೀವು ತಗಡಿನ ತೊಟ್ಟೀಲಿ ಸಾವಿರಾರು ಲೀಟರ್ ಹುಳಿ ತುಂಬಿಟ್ರಿ. ನಿಮಗೆ ಬಾರಿಸೋರು ಯಾರು? ಉಪ್ಪಿನಕಾಯಿ ಯಾತರಲ್ಲಿ ಇಡ್ತಾರೆ ಅಂತ ಮನೇಲಿ ಒಂದು ಮಾತು ಕೇಳಬಾರದಿತ್ತಾ?”

ಅವಳು ಅಷ್ಟಕ್ಕೇ ಬಿಡಲಿಲ್ಲ. ತೊಟ್ಟಿ ಮಾರುವ ವ್ಯಾಪಾರಿಗಳು ಮಾದರಿಗೆಂದು ಕೊಟ್ಟ ಅಂಗೈಯಗಲದ ತುಂಡುಗಳನ್ನೆಲ್ಲ ಮಂಡಳಿಯ ಜಗಲಿಯಲ್ಲಿ ನಲವತ್ತು ದಿನ ಹುಳಿನೀರಿನಲ್ಲಿ ಮುಳುಗಿಸಿಟ್ಟಳು. ಬಣ್ಣ ಬಳಿದ ಕಬ್ಬಿಣ ಗುಳ್ಳೆಯೆದ್ದಿತು. ಸಿಮೆಂಟು ಉಗುರಿಗೆ ಕೆರೆದು ಬಂತು. ಗಾಜಿನ ಲೇಪವನ್ನು ಸುಟ್ಟು ಕೂರಿಸಿದ ಉಕ್ಕು ಮಾತ್ರ ಉಪ್ಪಿನಕಾಯಿಯ ಭರಣಿಯಂತೆ ಹೊಳೆಯುತ್ತಿತ್ತು. ಅದರಲ್ಲೂ ಬೋಲ್ಟಿಗೆ ಕೊರೆದ ತೂತಿನ ಅಂಚಿನಲ್ಲಿ ತುಕ್ಕು ಕಂಡು, “ಸೇರಿಸೋ ಜಾಗಕ್ಕೆ ಏನು ಮೆತ್ತುತ್ತೀಯಪ್ಪಾ?” ಎಂದು ವ್ಯಾಪಾರಿಯ ಬೆವರಿಳಿಸಿದಳು. ಇಷ್ಟು ನೋಡಿಯೂ ಐದು ಜನ ದಪ್ಪ ಬಣ್ಣ ಬಳಿದ ಅದೇ ತಗಡು ಸಾಕೆನ್ನುತ್ತಾರೆ.

ನಿನ್ನೆ ಹಳೆಯ ಠರಾವು ಪುಸ್ತಕ ತೆರೆದೆ. ನಿನ್ನ ತಪ್ಪನ್ನು ತಾರೀಖಿನೊಡನೆ ಈ ಪತ್ರದಲ್ಲಿ ಬರೆಯಬೇಕೆಂದೇ ತೆರೆದದ್ದು. “ಕಬ್ಬಿಣ ಬೇಡ ಅನ್ನಿಸುತ್ತದೆ: ವಾಘಜಿಭಾಯ್” ಎಂದಿತ್ತು. ಅದರ ಕೆಳಗೆ ನನ್ನ ಮುಕ್ಕಾಲು ಗಂಟೆಯ ಭಾಷಣದ ಸಾರಾಂಶ, ನನ್ನದೇ ದುಂಡಕ್ಷರದಲ್ಲಿ: ದೆಹಲಿಯ ಕಬ್ಬಿಣದ ಕಂಬ ಒಂದೂವರೆ ಸಾವಿರ ವರ್ಷದಿಂದ ತುಕ್ಕು ಹಿಡಿಯದೆ ನಿಂತಿದೆ, ಆದ್ದರಿಂದ ನಮ್ಮ ತೊಟ್ಟಿಯೂ ಕಬ್ಬಿಣದ್ದೇ ಆಗಲಿ. ಆ ಕಂಬಕ್ಕೆ ಯಾವ ರಾಜನೂ ಪನೀರಿನ ನೀರು ಹೊಯ್ದಿರಲಿಲ್ಲ ಎಂಬುದು ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

ಅಭಿಷೇಕ ಆಗಬೇಕಾದದ್ದು ನನಗೆ. ಭಾನುವಾರ ಎಲ್ಲರೆದುರು ಆ ಪುಟವನ್ನು ನಾನೇ ಓದುತ್ತೇನೆ. ಎಷ್ಟು ಬೇಕಾದರೂ ನಗು, ಆಮೇಲೆ ಜೋಮಾಬೆನ್ ಹೇಳಿದ ಗಾಜಿನ ಲೇಪದ ತೊಟ್ಟಿಗೆ ಕೈ ಎತ್ತು.

ಅಂಬೆಮಾ ನಿನ್ನ ಪೇಟವನ್ನು ಬೆಳ್ಳಗೇ ಇಟ್ಟಿರಲಿ. ಬರುವಾಗ ಕಾಯಿ ತರಬೇಡ. ತರಲೇಬೇಕೆಂದಿದ್ದರೆ, ಒಡೆದದ್ದನ್ನೇ ತಾ.

ನಿನ್ನ ದಾರಿ ಕಾಯುವ,
ಹೇಮರಾಜ ಮಾಸ್ತರ್