ಖಾಲಿ ಬಿಟ್ಟ ಕಲಂ

ಮಳವಳ್ಳಿ ತಾಲ್ಲೂಕು
ತಾ. 9-3-1944

ಚಿಕ್ಕಮಾದಮ್ಮನ ಮಗಳು ಮಲ್ಲಿಗಮ್ಮನಿಗೆ ಪಟೇಲ ಬೋರೇಗೌಡನ ಆಶೀರ್ವಾದ.

ನಿಮ್ಮವ್ವನಿಗೆ ಓದಲು ಬರುವುದಿಲ್ಲ, ಅದಕ್ಕೇ ನಿನಗೆ ಬರೆದಿದ್ದೇನೆ. ನೀನೇ ಓದಿ ಹೇಳು. ಬೇರೆಯವರ ಕೈಗೆ ಕೊಡಬೇಡ.

ನಿನ್ನ ಮದುವೆ ಮುರಿದದ್ದು ನನ್ನಿಂದ. ಮದ್ದೂರಿನ ಗಂಡಿನ ಕಡೆಯವರು ಸಾಲಾವಳಿ ನೋಡಿಸಲು ನೀನು ಹುಟ್ಟಿದ ದಿನ ಕೇಳಿಕೊಂಡು ನಮ್ಮ ಜಗಲಿಗೆ ಬಂದಿದ್ದರು. ಬಾಯಲ್ಲಿ ಹೇಳಿದ್ದರೆ ಸಾಕಿತ್ತು. ನನ್ನ ಬರವಣಿಗೆ ಎಷ್ಟು ಚೊಕ್ಕ ಎಂದು ತೋರಿಸುವ ಜಂಬಕ್ಕೆ ಜನನದ ರಿಜಿಸ್ಟರನ್ನೇ ಅವರ ಮುಂದೆ ಬಿಚ್ಚಿಟ್ಟು, ಮಜ್ಜಿಗೆ ತರಲು ಒಳಗೆ ಹೋದೆ. ಬರುವಷ್ಟರಲ್ಲಿ ತಂದೆಯ ಹೆಸರಿನ ಕಲಂ ಖಾಲಿ ಇರುವುದನ್ನು ನೋಡಿಬಿಟ್ಟಿದ್ದರು. ಮಜ್ಜಿಗೆ ಮುಟ್ಟದೆ ಎದ್ದುಹೋದರು. ಗಂಡ ಸತ್ತನೆಂದು ಹೇಳಿಕೊಂಡು ನಿಮ್ಮವ್ವ ಹದಿನಾರು ವರ್ಷ ಕಾಪಾಡಿದ್ದನ್ನು ನಾನು ಒಂದು ಗಳಿಗೆಯಲ್ಲಿ ಬಯಲು ಮಾಡಿದೆ.

ಈಗ ಪುಸ್ತಕ ಪೆಟ್ಟಿಗೆಯಲ್ಲಿದೆ, ಬೀಗದ ಕೈ ನನ್ನ ಉಡಿದಾರದಲ್ಲಿದೆ. ಏನು ಬಂತು?

ಇಷ್ಟೇ ಆಗಿದ್ದರೆ ಕ್ಷಮಿಸು ಎಂದು ಬರೆದು ಮುಗಿಸುತ್ತಿದ್ದೆ. ನೀನು ಹುಟ್ಟಿದಾಗ ನಿಮ್ಮವ್ವ ಹಸಿ ಮೈಯಲ್ಲೇ ನಡೆದು ಬಂದು, "ಗೌಡ್ರೆ, ಇರೋ ಹೆಸ್ರು ಬರ್ಕೊಳ್ಳಿ" ಅಂದಳು. ಹೆಸರನ್ನೂ ಹೇಳಿದಳು. ಮನೆಯ ಮಾನಕ್ಕೆ ಹೆದರಿ ಬರೆಯದೆ ಬಿಟ್ಟವನು ನಾನು. ಅದು ನನ್ನ ತಮ್ಮ ತಿಮ್ಮೇಗೌಡನ ಹೆಸರು.

ಅವನು ಈಗಿಲ್ಲ. ಕಲಂ ತುಂಬಿಸಲು ಅಮಲ್ದಾರರಿಗೆ ಅರ್ಜಿ ಬರೆದು ರುಜು ಹಾಕಿದ್ದೇನೆ. ನಿಮ್ಮವ್ವನ ಹೆಬ್ಬೆಟ್ಟು ಬೇಕು. ಅವಳು ಒಪ್ಪಿದರೆ ಮುಂದಿನ ಸೋಮವಾರ ಕಚೇರಿಗೆ ಕರೆದುಕೊಂಡು ಬಾ. ಬಾರದಿದ್ದರೂ ಸಂಜೆಯವರೆಗೆ ಬಾಗಿಲಲ್ಲೇ ಕಾದಿರುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ,
ಬೋರೇಗೌಡ