ತಿರುವಿನಲ್ಲಿ ನರಳದ ವ್ಯಾನು

ಆಲ್ದೂರು
ಸೋಮವಾರ

ಪ್ರೀತಿಯ ಶಾಂತಾ,

ನಿವೃತ್ತ ಕನ್ನಡ ಮೇಷ್ಟ್ರು ಏಕಾಂತಪ್ಪನಾದ ನಾನು, ಯಾರ ಬಲವಂತವೂ ಇಲ್ಲದೆ, ಸ್ವಸ್ಥಚಿತ್ತದಿಂದ (ಇದನ್ನು ನೀನು ಒಪ್ಪುವುದಿಲ್ಲ, ಗೊತ್ತು) ಈ ಮೂಲಕ ತಪ್ಪೊಪ್ಪಿಕೊಳ್ಳುವುದೇನೆಂದರೆ: ಇವತ್ತು ಬೆಳಿಗ್ಗೆ ಪರರ ವಾಹನದಿಂದ ಒಂದು ವಸ್ತುವನ್ನು ಕದ್ದಿದ್ದೇನೆ. ಡ್ರೈವರ್ ಸೀಟಿನ ಕೆಳಗೆ ನೀನು ತುರುಕಿಡುತ್ತಿದ್ದ ಹಳದಿ ಒರೆಸುವ ಬಟ್ಟೆ. ವಾಹನ ನಮ್ಮ ಬಿಳಿ ವ್ಯಾನೇ. ಆದರೆ ಇವತ್ತಿನಿಂದ ಅದು ಪ್ರೇಮಲತಾಳದ್ದು. ಕದ್ದ ಮಾಲು ನನ್ನ ದಿಂಬಿನ ಕೆಳಗಿದೆ. ವಿಭೂತಿ, ತೆಂಗಿನೆಣ್ಣೆ, ಹೊಸ ಸೀರೆಯ ಗಂಜಿ, ಎಲ್ಲಾ ವಾಸನೆಯೂ ಇನ್ನೂ ಇದೆ. ಸೀಟು ಬಿಟ್ಟುಕೊಟ್ಟೆ, ಬಟ್ಟೆ ಬಿಟ್ಟುಕೊಡಲಾಗಲಿಲ್ಲ.

ಇಷ್ಟು ವರ್ಷ ನಿನ್ನ ಪಕ್ಕದಲ್ಲಿ ಕೂತು ಕಾಫಿ ಎಸ್ಟೇಟಿನ ಕೂಲಿ ಲೈನುಗಳಿಗೆ ಸೀರೆ ವ್ಯಾಪಾರಕ್ಕೆ ಬರುತ್ತಿದ್ದವಳಲ್ಲವೇ ಅವಳು. "ಪ್ರೇಮಲತಾ ಸೀರೆ ಬಿಚ್ಚಿ ತೋರಿಸ್ತಾಳೆ" ಎಂದು ನಾನು ಒಮ್ಮೆ ನೆಂಟರೆದುರು ಹೇಳಿದ್ದಕ್ಕೆ, "ರೀ, ಮಡಿಕೆ ಬಿಚ್ಚಿ ಅನ್ರೀ, ಮೇಷ್ಟ್ರಾಗಿದ್ದೋರು ನೀವು!" ಅಂತ ನೀನು ನನ್ನ ಮರ್ಯಾದೆಯ ಮಡಿಕೆಯನ್ನೇ ಬಿಚ್ಚಿದ್ದೆ. ಗಾಡಿ ಓಡಿಸುವುದನ್ನು ಅವಳಿಗೆ ಕಲಿಸಿದವಳೂ ನೀನೇ. ನನಗೂ ಕಲಿಸಲು ನೋಡಿದೆ. ಎರಡನೇ ದಿನವೇ ಗೇಟಿನ ಕಂಬ ನನ್ನನ್ನು ಫೇಲ್ ಮಾಡಿತು. ಈಗ ವ್ಯಾನಿನ ಹಿಂದೆ ಸೀರೆ ಗಂಟುಗಳಿಲ್ಲ, ಸೀಟು ಹಾಕಿಸಿದ್ದಾಳೆ. ಗೋಣಿಬೀಡಿನ ಕಡೆಯ ಮಕ್ಕಳನ್ನು ಸ್ಕೂಲಿಗೆ ಬಿಡುತ್ತಾಳಂತೆ.

ನಮ್ಮ ಸೋಮವಾರಗಳು ನಿನಗೆ ನೆನಪಿರಲೇಬೇಕು. ಪೂಜೆ ಮುಗಿದು ಹಣೆಯ ವಿಭೂತಿ ಆರುವ ಮೊದಲೇ ನೀನು ಸೀಟಿನಲ್ಲಿ, ನಾನು ಬಾನೆಟ್ಟಿನ ಮುಂದೆ. ನೀನು ಇಂಜಿನ್ ಚಾಲೂ ಮಾಡಿ ಸ್ಟೀರಿಂಗನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸುತ್ತಿದ್ದೆ. ನಾನು ಪವರ್ ಸ್ಟೀರಿಂಗ್ ಆಯಿಲ್ ಡಬ್ಬಿಯ ಮುಚ್ಚಳ ತಿರುಚಿ, ಅದಕ್ಕೆ ಅಂಟಿಕೊಂಡೇ ಇರುವ ಅಳತೆ ಕಡ್ಡಿಯನ್ನು ಒರೆಸಿ, ಮತ್ತೆ ಅದ್ದಿ ನೋಡುತ್ತಿದ್ದೆ. ಕಡ್ಡಿಯ ಮೇಲೆ ಎರಡು ಗೆರೆ, ಹಾಟ್ ಒಂದು, ಕೋಲ್ಡ್ ಒಂದು. "ನಮ್ಮಿಬ್ಬರ ಮದುವೆ ಫೋಟೋ ನೋಡಿದಂಗಿದೆ ಕಣೇ" ಎನ್ನುತ್ತಿದ್ದೆ ಪ್ರತಿ ವಾರ. "ನರಳ್ತಿರೋದು ವ್ಯಾನು, ನೀವಲ್ಲ. ಮೊದ್ಲು ಎಣ್ಣೆ ಹಾಕ್ರೀ" ಎನ್ನುತ್ತಿದ್ದೆ ನೀನು, ಪ್ರತಿ ವಾರ.

ನರಳುತ್ತಿದ್ದುದಂತೂ ನಿಜ. ಎಲ್ಲೋ ಒಂದು ಪೈಪು ಜಿನುಗುತ್ತಿತ್ತು. ಸೋಮವಾರ ತುಂಬಿಸಿದ ಎಣ್ಣೆ ವಾರದ ಕೊನೆಗೆ ಇಳಿದು, ಸ್ಟೀರಿಂಗ್ ತಿರುಗಿಸಿದಾಗೆಲ್ಲ ಈಯಲಿರುವ ಹಸುವಿನ ಹಾಗೆ ಕೂಗುತ್ತಿತ್ತು. ಮನೆ ಕೆಳಗಿನ ತಿರುವಿನಲ್ಲಂತೂ ಊರಿಗೆಲ್ಲ ಕೇಳಿಸುವಷ್ಟು. ಆ ಕೂಗು ಕೇಳಿದ ಕೂಡಲೇ ನಾನು ಕಾಫಿಗೆ ಹಾಲಿಡುತ್ತಿದ್ದೆ. ನೀನು ಚಪ್ಪಲಿ ಬಿಡುವ ಹೊತ್ತಿಗೆ ಲೋಟ ಕೈಯಲ್ಲಿ. ಗ್ಯಾರೇಜಿನ ರೇವಣ್ಣ ಪೈಪು ಬದಲಾಯಿಸುತ್ತೇನೆಂದು ಎಷ್ಟು ಸಲ ಹೇಳಿದ! "ಇರ್ಲಿ ಬಿಡು ರೇವಣ್ಣ, ಅದು ಕೂಗಿದ್ರೆ ತಾನೆ ನಮ್ಮನೆಯವ್ರು ಹಾಲಿಡೋದು" ಎಂದವಳು ನೀನು. ಆ ಹೊತ್ತಿಗೆ ನಗು ಬಂತು. ಸಂಸಾರ ಅಂದರೆ ಒಂದು ಸೋರುವ ಪೈಪನ್ನು ಇಬ್ಬರೂ ಬೇಕೆಂದೇ ರಿಪೇರಿ ಮಾಡಿಸದೆ ಇರುವುದು ಅಂತ ಆಗ ಹೊಳೆಯಲಿಲ್ಲ.

ಆಷಾಢದಲ್ಲಿ ನಿನ್ನನ್ನು ಚಿಕ್ಕಮಗಳೂರಿನ ಆಸ್ಪತ್ರೆಗೆ ಸೇರಿಸಿದಾಗ, "ಮನೆಗೆ ಹೋಗಿ ಒಂದ್ ರಾತ್ರಿ ಮಲ್ಗಿ ಬನ್ರೀ, ಪ್ರೇಮಲತಾ ಇದ್ದಾಳಲ್ಲ" ಎಂದು ನನ್ನನ್ನು ಬಸ್ಸಿಗೆ ಅಟ್ಟಿದೆ. ಮಾರನೇ ದಿನ ಮಧ್ಯಾಹ್ನ, ಮಳೆಯ ನಡುವೆ, ತಿರುವಿನಲ್ಲಿ ವ್ಯಾನು ನರಳಿತು. ಡಿಸ್ಚಾರ್ಜ್ ಆಯಿತು ಮಾರಾಯ ಅಂತ ನನಗೆ ನಾನೇ ಹೇಳಿಕೊಂಡು ಹಾಲಿಟ್ಟೆ. ಎರಡು ಲೋಟ ತೊಳೆದೆ. ಬಾಗಿಲಲ್ಲಿ ನಿಂತವಳು ಪ್ರೇಮಲತಾ ಒಬ್ಬಳೇ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲವಂತೆ. ಒಲೆಯ ಮೇಲೆ ಹಾಲು ಉಕ್ಕಿ ಉರಿ ಆರಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಆಮೇಲೆ ವ್ಯಾನು ಶೆಡ್ಡಿನಲ್ಲೇ ನಿಂತಿತು. ವ್ಯಾನು ಕೊಡಿ ಎಂದು ಅವಳು ಕೇಳಿದಾಗ ಒಪ್ಪಿದೆ. ಆದರೆ ಪೈಪು ಬದಲಾಯಿಸುತ್ತೇನೆ ಎಂದಾಗ, ಬೇಡ ಎನ್ನುವ ಮಾತು ನಾಲಿಗೆ ತುದಿವರೆಗೂ ಬಂದಿತ್ತು. "ಸರ್, ಮಕ್ಳು ಕೂರೋ ಗಾಡಿ" ಎಂದಳು. ರೇವಣ್ಣ ಹೊಸ ಪೈಪು ಹಾಕಿ, "ಎರಡು ದಿನ ಓಡಿಸಿ, ಮಟ್ಟ ನೋಡಿ, ಇಳಿದಿದ್ರೆ ಸ್ವಲ್ಪ ಹಾಕಿ. ಆಮೇಲೆ ಕೂಗಲ್ಲ" ಎಂದ. ಕೂಗುವುದಿಲ್ಲವೆಂದು ಇಷ್ಟು ಸಂತೋಷದಿಂದ ಹೇಳಿದವನ ಮೇಲೆ ನನಗೆ ಸುಮ್ಮನೆ ಸಿಟ್ಟು ಬಂತು.

ಹಾಗಾಗಿ ಇವತ್ತು ಕೊನೆಯ ಸೋಮವಾರ. ಎಣ್ಣೆ ಹಾಕುವುದು ಈ ಮನೆಯಲ್ಲಿ ನನ್ನ ಕೆಲಸ ಎಂದು ಅವಳಿಗೆ ಖಡಾಖಂಡಿತವಾಗಿ ಹೇಳಿದೆ. ಅವಳು ಸೀಟಿನಲ್ಲಿ, ನಾನು ಬಾನೆಟ್ಟಿನ ಮುಂದೆ. ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ. ಕಡ್ಡಿ ಒರೆಸಲು ಹಳದಿ ಬಟ್ಟೆ ಕೊಡಲು ಮನಸ್ಸಾಗದೆ ನನ್ನ ಪಂಚೆಯ ತುದಿಯಲ್ಲೇ ಒರೆಸಿದೆ. ಹೊಸ ಎಣ್ಣೆಯ ಕೆಂಪು ಕಲೆ ಕೂತಿದೆ, ನೀನಿದ್ದರೆ ಆಗಿತ್ತು ನನ್ನ ಕಥೆ. ಎಣ್ಣೆ ಹಾಟ್ ಗೆರೆಗೆ ಸರಿಯಾಗಿ ಬಂದು ನಿಂತಿತು, ಹೆಚ್ಚಿಲ್ಲ, ಕಡಿಮೆಯಿಲ್ಲ. ಒಂದು ಹನಿಯೂ ಚೆಲ್ಲಲಿಲ್ಲ ಶಾಂತಾ, ಎಣ್ಣೆಯದ್ದೂ ಅಲ್ಲ, ಕಣ್ಣಿನದ್ದೂ ಅಲ್ಲ. ಎಂಥಾ ಕೈ ನೋಡು ನನ್ನದು!

ವ್ಯಾನು ಹೊರಟಿತು. ನಾನು ಗೇಟಿನಲ್ಲಿ ಕಿವಿಗೊಟ್ಟು ನಿಂತೆ. ಕೆಳಗಿನ ತಿರುವು ಬಂತು, ಹೋಯಿತು. ಏನೂ ಕೇಳಲಿಲ್ಲ.

ಹೋಗಲಿ, ನಿನ್ನ ಹತ್ತಿರ ಎಂಥ ಮುಚ್ಚುಮರೆ. ಮುಚ್ಚಳ ತೆಗೆದು ತಲೆಯೆತ್ತಿದಾಗ ಗಾಜಿನಾಚೆ ಸ್ಟೀರಿಂಗ್ ಮೇಲೆ ಎರಡು ಕೈ, ನಿನ್ನಂಥದ್ದೇ ಹಸಿರು ಬಳೆ ಕಂಡವು. ಅಲ್ಲಿಂದಾಚೆಗೆ ನನಗೆ ಗೆರೆ ಕಾಣಿಸಲಿಲ್ಲ. ಹಾಟೂ ಇಲ್ಲ, ಕೋಲ್ಡೂ ಇಲ್ಲ. ಕಾಣದೆಯೇ ಬಾಟಲಿ ಬಗ್ಗಿಸಿದೆ, ಮೊದಲ ಹನಿಗಳು ಪಂಚೆಗೇ ಬಿದ್ದವು. ಕಲೆಯ ನಿಜವಾದ ಕಾರಣ ಅದು. ಪ್ರೇಮಲತಾ ಇಳಿದು ಬಂದಳು. "ಕೊಡಿ ಸರ್" ಎಂದು ಬಾಟಲಿ ತೆಗೆದುಕೊಂಡು, ಎಣ್ಣೆ ಹಾಕಿದವಳೂ ಅವಳೇ, ಅಳತೆ ನೋಡಿದವಳೂ ಅವಳೇ. ಅಷ್ಟು ಹೊತ್ತೂ ನಾನು ಬರೀ ಮುಚ್ಚಳ ಹಿಡಿದುಕೊಂಡು ನಿಂತಿದ್ದೆ.

ನೀನಿರುವ ಕಡೆ ತಿರುವುಗಳೆಲ್ಲ ಹಗುರಾಗಿರಲಿ, ಶಾಂತಾ. ಬರುವುದಾದರೆ ಮಾತ್ರ ಒಂದು ಸಲ ಜೋರಾಗಿ ನರಳು. ಹಾಲಿಡುತ್ತೇನೆ.

ನಿನ್ನ,
ಹೆಸರಿಗೆ ತಕ್ಕವನಾಗಿಬಿಟ್ಟ
ಏಕಾಂತ